ಪಕ್ಕದ ಹೊಲ ನೋಡಿ ಬೀಜ ತರುವವರಿಗೆ

ಬೀಜದ ಕಂಪನಿಯವನು ಊರಿಗೆ ಬಂದರೆ ಮೊದಲು ಹುಡುಕುವುದು ರಸ್ತೆ ಪಕ್ಕ ಹೊಲ, ಬೋರಿನ ನೀರು ಇರುವ ದೊಡ್ಡ ಹಿಡುವಳಿದಾರನ ಕಟ್ಟೆಯನ್ನು. ಅಲ್ಲೊಂದು ಬೋರ್ಡು ನೆಟ್ಟು, ಕ್ಷೇತ್ರೋತ್ಸವ ಮಾಡಿ ಊಟ ಹಾಕಿಸಿದರೆ ಮುಗಿಯಿತು. ಉಳಿದ ಪ್ರಚಾರ ನಾವೇ ಮಾಡ್ತೀವಿ, ಅದೂ ಪುಕ್ಕಟೆ!

ಈ ಗುಟ್ಟು ಹಳೆಯದು. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹಬ್ಬಿತೆಂದು ರಯಾನ್ ಮತ್ತು ಗ್ರಾಸ್ ಎಂಬುವರು 259 ರೈತರನ್ನು ಕೇಳಿ 1943ರಲ್ಲಿ ಬರೆದರು. ಸುದ್ದಿ ತಂದವನು ಹೆಚ್ಚಾಗಿ ಮಾರಾಟಗಾರ, ಕೊಳ್ಳಲು ಧೈರ್ಯ ಕೊಟ್ಟವನು ನೆರೆಯವನು. ಆದರೂ ಅವರಲ್ಲಿ ಮೊದಲು ಕೊಂಡವರು ತುಸು ನೆಲದಲ್ಲಿ ಹಾಕಿ ನೋಡಿದರು. ವಾರಂಗಲ್ ಹತ್ತಿ ರೈತರ ಬಗ್ಗೆ ಗ್ಲೆನ್ ಸ್ಟೋನ್ 2007ರಲ್ಲಿ ಬರೆದದ್ದಂತೂ ನಮ್ಮದೇ ಕತೆ. ಒಂದು ವರ್ಷ ಊರಿಗೆ ಊರೇ ಒಂದು ಬ್ರ್ಯಾಂಡಿನ ಹಿಂದೆ, ಮುಂದೆ ಇನ್ನೊಂದರ ಹಿಂದೆ. ನೆಲಕ್ಕೂ ನೀರಿಗೂ ಅದಕ್ಕೆ ಸಂಬಂಧವಿಲ್ಲ. ಎಲ್ಲರೂ ತಂದರು, ನಾವೂ ತಂದೆವು!

ಬೆಳೆ ಕೈಕೊಟ್ಟರೆ ದೊಡ್ಡವನಿಗೆ ತೋಟವಿದೆ. ಒಣಬೇಸಾಯದವನು ಉದ್ರಿ ತಂದವನು, ಬಡ್ಡಿ ಅವನ ತಲೆಗೆ. ಬೋರು ನೋಡದೆ ಬರೀ ಕಾಯಿ ಎಣಿಸಿ ಬಂದರೆ ಹೇಗೆ ಸ್ವಾಮಿ? ಮುಂದಿನ ಕ್ಷೇತ್ರೋತ್ಸವದಲ್ಲಿ ಎಲೆ ಮುಂದೆ ಕೂರುವ ಮೊದಲೇ ಕೇಳಿ: ಈ ಬೀಜ ಇವರಿಗೆ ದುಡ್ಡಿಗೆ ಕೊಟ್ಟಿರಾ, ಪುಕ್ಕಟೆಯಾ? ಎಷ್ಟು ನೀರು, ಎಷ್ಟು ಗೊಬ್ಬರ ಹಾಕಿಸಿದಿರಿ? ಬೆಳೆ ಹೋದರೆ ನಷ್ಟ ಕಟ್ಟಿಕೊಡ್ತೀವಿ ಅಂತ ಬರೆದುಕೊಡ್ತೀರಾ?