ಮಣ್ಣಿನ ನಕ್ಷೆಯ ವರದಿ ಯಾರಿಗಾಗಿ?

ಸುಜಲ 3 ಯೋಜನೆಯಡಿ 2013ರ ನಂತರ ಯಾದಗಿರಿ ಜಿಲ್ಲೆಯ ಹಲವು ಕಿರುಜಲಾನಯನಗಳ ಮಣ್ಣಿನ ನಕ್ಷೆಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಲಾಯಿತು. ಪ್ರಮಾಣ 1:7920; ಅಂದರೆ ನಕ್ಷೆಯ ಒಂದು ಅಂಗುಲಕ್ಕೆ ನೆಲದ ಮೇಲೆ ಒಂದು ಫರ್ಲಾಂಗು. ಮಣ್ಣಿನ ಆಳ, ಇಳಿಜಾರು, ಸವಳು, ಹೊಂದುವ ಬೆಳೆ ಎಲ್ಲವೂ ಸರ್ವೆ ನಂಬರುವಾರು ಸಿಗುತ್ತವೆ.

ಆದರೆ ನಾವು ವಿಜ್ಞಾನಿಗಳು ಬರೆಯುವ ವರದಿಗಳು ಉದ್ದವಾದವು, ಹೆಚ್ಚಾಗಿ ಇಂಗ್ಲಿಷಿನವು. ಆ ವಿವರ ವ್ಯರ್ಥವಲ್ಲ. ಅದಿಲ್ಲದೆ ನಕ್ಷೆಯ ತಪ್ಪನ್ನು ಇನ್ನೊಬ್ಬ ವಿಜ್ಞಾನಿ ಹಿಡಿಯಲಾರ. ಶಹಾಪುರ, ಸುರಪುರಗಳಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಎರೆಹೊಲದಲ್ಲಿ ಭತ್ತ ಬೆಳೆಯುವ ರೈತರ ಪ್ರಶ್ನೆಯೇ ಬೇರೆ: ಈ ಹೊಲ ಸವಳು ಹಿಡಿದಿದೆಯೇ, ಬಸಿಗಾಲುವೆ ಬೇಕೇ?

ಉತ್ತರ ಅರವತ್ತನೆಯ ಪುಟದಲ್ಲಿದ್ದರೆ ಇಲ್ಲದಂತೆಯೇ. ಅದು ಮೊದಲ ಪುಟದಲ್ಲೇ, ಕನ್ನಡದಲ್ಲಿರಲಿ. ರೈತ ಬಾಂಧವರೂ ಸರ್ವೆ ನಂಬರು ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಅದನ್ನು ಕೇಳಬೇಕು.