ಸೋವಿ ಬಜಾರವೂ ನಮ್ಮ ಸಜ್ಜೆಯೂ

“ದೊಡ್ಡ ಊರಿನ ಸೂಪರ್ ಬಜಾರದಾಗ ಸಾವಯವ ಸಜ್ಜಿ, ನವಣಿ ಸೋವಿ ಸಿಗತಾವಂತ್ರೀ!” ಬಸ್ಸಿನಲ್ಲಿ ಈಗ ಇಂಥ ಮಾತು.

ಸಿಗಲಿ, ಸಂತೋಷ. ಶುಗರ್, ಬಿ.ಪಿ.ಗೆ ಹೆದರಿದ ಬಡವನಿಗೂ ಒಳ್ಳೆಯ ಕಾಳು ಬೇಕಲ್ಲವೇ? ಆದರೆ ಸಜ್ಜೆ, ಜೋಳ ನಮ್ಮ ಹೊಲದವೇ. ನಾರಾಯಣಪುರ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲ ಭತ್ತದ ಗದ್ದೆಯಾದವು. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಆಚರಿಸಿತು; ನಾವು ಮರೆತ ಕಾಳೇ ಪಾಕೀಟಿನ ಅಂಗಿ ತೊಟ್ಟು ಪೇಟೆಗೆ ಬಂತು!

ಗಿರಾಕಿಗಳೇ, ‘ಸಾವಯವ’ ಎಂಬ ಅಚ್ಚಿಗೆ ಮರುಳಾಗಬೇಡಿರಿ. ಪಾಕೀಟಿನ ಮೇಲೆ ‘ಜೈವಿಕ್ ಭಾರತ್’ ಗುರುತು ಇದೆಯೇ, ನೋಡಿ ಕೊಳ್ಳಿರಿ.

ಕಿರಾಣಿಯವರೇ, ಸೋವಿಯ ಗುಟ್ಟು ದೊಡ್ಡದೇನಲ್ಲ: ಸಗಟು ಖರೀದಿ, ರೋಖ ವ್ಯವಹಾರ. ಯಾದಗಿರಿಯ ಹತ್ತು ಅಂಗಡಿ ಕೂಡಿ ಕೊಂಡರೆ ನಿಮಗೂ ಸಾಧ್ಯ. ಐದು ರೈತರು ಗುಂಪು ಕಟ್ಟಿ, ಒಬ್ಬರ ಹೊಲ ಒಬ್ಬರು ತಪಾಸಣೆ ಮಾಡಿ, ಪಿ.ಜಿ.ಎಸ್. ಪದ್ಧತಿಯಲ್ಲಿ ಸಾವಯವ ಪ್ರಮಾಣಪತ್ರ ಪಡೆಯಬಹುದು. ಎರಡು-ಮೂರು ವರ್ಷ ಹಿಡಿದೀತು. ಅಂಥವರ ಕಾಳು ನೇರ ಕೊಳ್ಳಿರಿ. ದಲಾಲಿ ಉಳಿದೀತು, ದರ ಇಳಿದೀತು.

ತಿಂಗಳ ಕೊನೆಗೆ ಉದ್ರಿ ಕೊಡುವವನು ಬಜಾರದವನಲ್ಲ, ಓಣಿಯ ಕಿರಾಣಿಯವ. ಅವನೂ ಉಳಿಯಬೇಕು, ನಮ್ಮ ರೊಟ್ಟಿಯೂ ಉಳಿಯಬೇಕು.