ಫಲಕದ ಮೇಲೆ ಕನ್ನಡವೇಕಿಲ್ಲ?

ಅಕ್ಕಲಕೋಟೆಯಲ್ಲಿ ಶ್ರೀ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದತ್ತ ಹೋಗುವ ಬೀದಿಯು ಈಗ ಹೊಟೇಲುಗಳ ಬೀದಿಯಾಗಿದೆ. ಮುಂಬಯಿ, ಪುಣೆಗಳಿಂದ ಭಕ್ತರು ಬರುವುದು ಹೆಚ್ಚಿದಂತೆ ಕಿರಾಣಿ, ಅರಿವೆ ಅಂಗಡಿಗಳಿದ್ದ ಕಡೆ ಭೋಜನಾಲಯ, ಲಾಡ್ಜುಗಳು ಎದ್ದಿವೆ. ಸೊಲ್ಲಾಪುರದಲ್ಲಿಯೂ ದೊಡ್ಡ ಬಟ್ಟೆ ಗಿರಣಿಗಳು ಮುಚ್ಚಿದ ಮೇಲೆ ಕಾರ್ಮಿಕರ ಖಾನಾವಳಿಗಳು ಕಡಿಮೆಯಾಗಿ, ಪಂಜಾಬಿ, ಚೈನೀಸ್ ತಿನಿಸಿನ ಹೊಟೇಲುಗಳು ಬಂದಿವೆ. ವ್ಯಾಪಾರ ಬೆಳೆದರೆ ಊರಿನವರಿಗೆ ಕೆಲಸ ಸಿಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರುವುದು ಫಲಕದ ಬಗ್ಗೆ. ಒಳಗೆ ರೊಟ್ಟಿ ಬಡಿಯುವ ತಾಯಂದಿರು ಎಷ್ಟೋ ಕಡೆ ಕನ್ನಡದವರು. ಶೇಂಗಾ ಹಿಂಡಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ನಮ್ಮ ಮನೆಗಳ ಅಡಿಗೆ. "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದು ಕೇಳುವುದೂ ಕನ್ನಡದಲ್ಲಿಯೇ. ಆದರೆ ಹೊರಗಿನ ಫಲಕದಲ್ಲಿ ಕನ್ನಡ ಅಕ್ಷರ ಹುಡುಕಿದರೂ ಸಿಗುವುದು ಕಷ್ಟ! ಆಳಂದ, ಅಫಜಲಪುರ, ಇಂಡಿಗಳಿಂದ ಬರುವ ಭಕ್ತರು ಯಾರನ್ನಾದರೂ ಕೇಳಿಯೇ ಒಳಗೆ ಕಾಲಿಡಬೇಕು.

ಕಾನೂನು ಅಡ್ಡಬರುತ್ತದೆಂದು ಹೇಳುವವರುಂಟು. 2022ರ ತಿದ್ದುಪಡಿಯಂತೆ ಮಹಾರಾಷ್ಟ್ರದ ಎಲ್ಲ ಅಂಗಡಿಗಳೂ ದೇವನಾಗರಿಯಲ್ಲಿ ಮರಾಠಿ ಫಲಕ ಹಾಕಬೇಕು. ಮರಾಠಿ ಮೊದಲಿರಬೇಕು, ಅದರ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಸಣ್ಣದಿರಬಾರದು. ಇದು ಯೋಗ್ಯವೇ. ಮರಾಠಿಯೂ ನಮ್ಮ ನಿತ್ಯದ ಭಾಷೆ ತಾನೆ? ಆದರೆ ಅದರ ಕೆಳಗೆ ಕನ್ನಡ ಬರೆಯಬಾರದೆಂದು ಕಾನೂನು ಹೇಳಿಲ್ಲ. ಅಕ್ಕಲಕೋಟೆ ತಾಲೂಕನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದ 1967ರ ಮಹಾಜನ ವರದಿಯ ಮಾತು ಬೇರೆ. ಇಲ್ಲಿ ಕೇಳುವುದು ಒಂದು ಸಾಲು ಮಾತ್ರ.

ಬರೆಯುವವರು ಸಿಗುವುದಿಲ್ಲವೆಂದು ಮಾಲಕರು ಹೇಳಬಹುದು. ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯಲ್ಲಿ ದುಂಡಾಗಿ ಅಕ್ಷರ ಬರೆಯುವ ಹುಡುಗ ಹುಡುಗಿಯರು ನಾಲ್ಕಾರು ಮಂದಿ ಇದ್ದಾರೆ. ಬಣ್ಣ, ಕುಂಚ ಕೊಟ್ಟರೆ ಸಾಕು.